ಹಿತ್ತಲಿನ ಕೋಯಿ ಕೊಳ: ಮೊದಲು ನೀರು, ಆಮೇಲೆ ಮೀನು

ಊರಿನಿಂದ ಬಂದ ನೆಂಟರನ್ನು ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನಕ್ಕೆ ಕರೆದೊಯ್ಯದ ಪುಣೆ ಕನ್ನಡಿಗರು ಕಡಿಮೆ. ಜಪಾನಿನ ಓಕಾಯಾಮಾದ ಕೊರಾಕುಎನ್ ತೋಟದ ಮಾದರಿಯಲ್ಲಿ ಬೆಳೆಸಿದ ಆ ಉದ್ಯಾನವನ್ನು ನೋಡಿ ಬಂದ ಮೇಲೆ, ಹಿತ್ತಲಿನಲ್ಲಿ ಒಂದಿಷ್ಟು ಜಾಗವಿರುವವರಿಗೆ ತಮ್ಮಲ್ಲೂ ಒಂದು ಕೋಯಿ ಕೊಳವಿರಲಿ ಎಂಬ ಆಸೆ ಹುಟ್ಟುವುದು ಸಹಜ. ಆಸೆ ಒಳ್ಳೆಯದೇ. ಆದರೆ ಹೊಸ ಕೊಳದ ಮೊದಲ ಎರಡು ತಿಂಗಳೇ ಮೀನುಗಳಿಗೆ ಗಂಡಾಂತರದ ಕಾಲ. ಅದಕ್ಕೆ ಕಾರಣ ಬಹುಮಟ್ಟಿಗೆ ಯಜಮಾನರ ಅವಸರ.

ಕೋಯಿ ಎಂದರೆ ಗೆಂಡೆ ಮೀನಿನ ಬಣ್ಣದ ಬಳಗ. ನೀಗಾತಾ ಸೀಮೆಯ ಭತ್ತದ ರೈತರು ಊಟಕ್ಕೆಂದು ಸಾಕುತ್ತಿದ್ದ ಗೆಂಡೆಗಳಲ್ಲಿ ಬಣ್ಣದವನ್ನು 19ನೆಯ ಶತಮಾನದಲ್ಲಿ ಆರಿಸಿ ಬೆಳೆಸಿದರು; 1914ರ ಟೋಕಿಯೋ ಪ್ರದರ್ಶನದ ನಂತರ ಅವು ಹೆಸರಾದವು. ಬೆರಳುದ್ದದ ಮರಿ ಎರಡಡಿ ಬೆಳೆಯಬಲ್ಲದು, ಇಪ್ಪತ್ತು ವರ್ಷ ಮೀರಿಯೂ ಬದುಕಬಲ್ಲದು.

ಹತ್ತಡಿ ಉದ್ದ, ಎಂಟಡಿ ಅಗಲ, ನಾಲ್ಕಡಿ ಆಳದ ಕೊಳದಲ್ಲಿ ಸುಮಾರು 9,000 ಲೀಟರ್ ನೀರು ಹಿಡಿಸುತ್ತದೆ. ಬೆಳೆದ ಮೀನೊಂದಕ್ಕೆ 1,000 ಲೀಟರ್ ಎಂದರೂ ಎಂಟೊಂಬತ್ತು ಮೀನು ಸಾಕು. ಅಂಗಡಿಯವರು ಇಪ್ಪತ್ತೈದು ಕೊಡಲು ಸಿದ್ಧರಿರುತ್ತಾರೆ, ಆ ಮಾತು ಬೇರೆ! ಪುಣೆಯಲ್ಲಿ ಸ್ವಲ್ಪ ಅಗೆದರೆ ಕಪ್ಪು ಬಂಡೆ ಸಿಗುವುದುಂಟು. ಎರಡಡಿ ಅಗೆದು ಎರಡಡಿ ಗೋಡೆ ಎತ್ತಿದರಾಯಿತು; ಮಳೆಗಾಲದ ಕೆಸರು ನೀರೂ ಒಳಗೆ ಹರಿಯದು. ಎಲೆ ಉದುರುವ ಮರದಡಿ ಬೇಡ. ತಳವನ್ನು ಒಂದು ಕಡೆಗೆ ಇಳಿಜಾರು ಮಾಡಿ, ಅಲ್ಲಿ ಕೊಳೆ ಹೊರಹೋಗುವ ಪೈಪು ಇಡಿಸಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಗಟ್ಟಿ ಜಾಲರಿ ಇರಲೇಬೇಕು. ಮಿಂಚುಳ್ಳಿ, ಬೆಕ್ಕುಗಳಿಗೂ ಅದೇ ತಡೆ.

ಹೊಸ ಸಿಮೆಂಟು ಸುಣ್ಣ ಬಿಡುತ್ತದೆ. ಹಲವು ವಾರ ನೀರು ತುಂಬಿಸಿ ಚೆಲ್ಲುತ್ತಿರಬೇಕು. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಎರಡು ದಿನ ತೆರೆದಿಟ್ಟ ನೀರನ್ನು ಬಳಸಬೇಕು, ಇಲ್ಲವೇ ಫೋಟೋ ತೊಳೆಯುವವರು ಬಳಸುವ ಹೈಪೋವನ್ನು ತಿಳಿದವರನ್ನು ಕೇಳಿ ಅಳತೆಯಲ್ಲಿ ಹಾಕಬೇಕು.

ಇನ್ನು ಫಿಲ್ಟರ್. ನೀರು ತಿಳಿಯಾಗಿ ಕಂಡರೆ ಶುದ್ಧವೆಂದು ಅರ್ಥವಲ್ಲ. ಮೀನು ಹೊರಬಿಡುವ ಅಮೋನಿಯಾ ಕಣ್ಣಿಗೆ ಕಾಣದ ವಿಷ. ಫಿಲ್ಟರಿನ ಜಲ್ಲಿ, ಸ್ಪಂಜುಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಅಷ್ಟೊಂದು ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಸಂಸಾರ ನೆಲೆಗೊಳ್ಳಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಎರಡೇ ಮರಿ ಬಿಟ್ಟು, ಚಿಟಿಕೆ ಆಹಾರ ಹಾಕಿ, ಅಮೋನಿಯಾ ಪರೀಕ್ಷೆಯ ಕಿಟ್ ತಂದು ನೋಡುತ್ತಿರಿ. ಪ್ರಮಾಣ ಏರಿದರೆ ಸ್ವಲ್ಪ ನೀರು ಬದಲಿಸಿ. ಸ್ಪಂಜನ್ನು ನಲ್ಲಿ ಕೆಳಗೆ ಉಜ್ಜಿ ತೊಳೆಯುವುದು ಮಾತ್ರ ಬೇಡ, ಆ ಬ್ಯಾಕ್ಟೀರಿಯಾವೂ ಹೋಗಿಬಿಡುತ್ತವೆ. ಕೊಳದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು. ಎರಡು ಗಂಟೆಗೊಮ್ಮೆ ಕೊಳದ ನೀರೆಲ್ಲ ಫಿಲ್ಟರ್ ಹಾಯುವಂತಹ ಪಂಪು ಹಗಲೂ ರಾತ್ರಿ ನಡೆಯಬೇಕು. ಕರೆಂಟು ಬಿಲ್ಲಿನ ಆಸೆಗೆ ರಾತ್ರಿ ನಿಲ್ಲಿಸುವುದುಂಟು. ಪಾಚಿಯೂ ಆಮ್ಲಜನಕ ಹೀರುವ ಹೊತ್ತು ಅದೇ. ಬೇಸಿಗೆಯ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಪರದಾಟ.

ಮೇ ರಜೆಗೆ ಊರಿಗೆ ಹೊರಟವರು ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವಾಗ ಪಂಪು ನೋಡಿಕೊಳ್ಳಲು ಹೇಳಿ, ಆಹಾರದ ಡಬ್ಬಿಯನ್ನು ಒಳಗಿಟ್ಟು ಹೋಗುವುದು ಲೇಸು. ಬೆಳೆದ ಕೋಯಿ ಒಂದು ವಾರ ಉಪವಾಸವಿರಬಲ್ಲದು. ಅಕ್ಕರೆಯಿಂದ ಮುಷ್ಟಿಗಟ್ಟಲೆ ಹಾಕಿದ ಆಹಾರ ಕೊಳೆತರೆ ಎರಡು ದಿನವೂ ತಾಳದು.