ನಿಮಗಿದು ಗೊತ್ತೇ? ದುಡಿಯುವ ಹೆಂಗಸಿಗೂ ವ್ಯಾಯಾಮ ಬೇಕು!

ಚಿಕ್ಕೋಡಿ ತಾಲ್ಲೂಕಿನ ಏಕಸಂಬಿಯ ಸುತ್ತ ಹತ್ತೂರು ತಿರುಗಿದರೂ ಸುಮ್ಮನೆ ಕೂತ ಹೆಂಗಸು ಕಾಣುವುದು ಅಪರೂಪ. ಕಬ್ಬಿನ ಗದ್ದೆ, ಎಮ್ಮೆಯ ಕೊಟ್ಟಿಗೆ, ಬೀಡಿಯ ಮೊರ, ಬಿಸಿಯೂಟದ ಒಲೆ, ಎಲ್ಲಿ ನೋಡಿದರೂ ಅವರ ಕೈ ಓಡುತ್ತಲೇ ಇರುತ್ತದೆ. ಹೀಗಿದ್ದೂ ದೇಶದ ಅರ್ಧಕ್ಕಿಂತ ಹೆಚ್ಚು ಹೆಂಗಸರ ಮೈಗೆ ಚಟುವಟಿಕೆ ಸಾಲದು ಎನ್ನುತ್ತವೆ ಅಂಕಿಅಂಶಗಳು. ಯಾಕೆ ಹೀಗೆ?

• 2024ರ ಜೂನ್‌ನಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ಒಂದು ದೊಡ್ಡ ಲೆಕ್ಕ ಪ್ರಕಟಿಸಿತು. 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು ಮಂದಿಗೆ ದೈಹಿಕ ಚಟುವಟಿಕೆ ಸಾಲುತ್ತಿರಲಿಲ್ಲ. ಭಾರತದಲ್ಲಿ ಈ ಪ್ರಮಾಣ ಶೇ 49.4. ಗಂಡಸರದ್ದು ಶೇ 42, ಹೆಂಗಸರದ್ದು ಶೇ 57.

• ಎಷ್ಟು ಮಾಡಿದರೆ ಸಾಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷ ಜೋರಾದ ಶ್ರಮ. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಮಧ್ಯಮ ಶ್ರಮ ಯಾವುದೆಂದು ತಿಳಿಯಲು ಯಂತ್ರ ಬೇಡ. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸಿದ್ದರೆ ಅದು ಮಧ್ಯಮ.

• 2000ನೇ ಇಸವಿಯಲ್ಲಿ ಭಾರತದಲ್ಲಿ ಚಟುವಟಿಕೆ ಸಾಲದವರ ಅಂಕಿ ಶೇ 22ರ ಆಸುಪಾಸಿನಲ್ಲಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅದು ಇಮ್ಮಡಿ ದಾಟಿತು. ಬೀಸುಕಲ್ಲು ಹೋಗಿ ಗಿರಣಿ ಬಂತು, ಒರಳು ಹೋಗಿ ಮಿಕ್ಸರ್ ಬಂತು, ಬಾವಿಯ ಹಗ್ಗ ಹೋಗಿ ನಳ ಬಂತು. ಬರಲೇಬೇಕಿತ್ತು. ನಮ್ಮ ಅಜ್ಜಿಯರು ನಸುಕಿಗೆದ್ದು ಬೀಸುತ್ತಿದ್ದರು, ಅದಕ್ಕೇ ಗಟ್ಟಿಯಾಗಿದ್ದರು ಎಂದು ಹೊಗಳುವವರು ಆ ಅಜ್ಜಿಯರ ಸೊಂಟದ ನೋವನ್ನೂ ನೆನೆಯಬೇಕು. ಬೀಸುಕಲ್ಲು ಮರಳಿ ಬರುವುದು ಬೇಡ. ಅದು ಹೋದಾಗ ಉಳಿದ ಹೊತ್ತು ಹೆಂಗಸಿನ ಕೈಗೆ ಸಿಗಲಿಲ್ಲ ಎನ್ನುವುದೇ ನಮ್ಮ ತಕರಾರು.

• ಆ ಹೊತ್ತು ಎಲ್ಲಿ ಹೋಯಿತು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಚ್ಚುವ ಹೆಂಗಸರು ದಿನಕ್ಕೆ ಅದರಲ್ಲಿ ಕಳೆಯುವುದು 289 ನಿಮಿಷ, ಗಂಡಸರು 88 ನಿಮಿಷ. ಇದರಲ್ಲಿ ಮಕ್ಕಳು, ವೃದ್ಧರ ಆರೈಕೆ ಸೇರಿಲ್ಲ. ಅದು ಬೇರೆಯೇ ಲೆಕ್ಕ.

• ನಿಪ್ಪಾಣಿ ಸೀಮೆಯ ಬೀಡಿ ಕಟ್ಟುವ ತಾಯಂದಿರ ದಿನವನ್ನೊಮ್ಮೆ ಹತ್ತಿರದಿಂದ ನೋಡಬೇಕು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಬೇಕು, ಚಿಟಿಕೆ ತಂಬಾಕು ಹರಡಿ ಸುರುಳಿ ಸುತ್ತಬೇಕು, ತುದಿ ಮಡಚಿ ದಾರ ಬಿಗಿಯಬೇಕು. ಕೂಲಿ ಸಿಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ. ಹೀಗಾಗಿ ಎದ್ದು ಕಾಲು ಚಾಚಿದರೆ ಅಷ್ಟು ಬೀಡಿ ಕಮ್ಮಿ, ಅಷ್ಟು ರೊಕ್ಕ ಕಮ್ಮಿ. ತೊಡೆಯ ಮೇಲೆ ಮೊರ, ಬಾಗಿದ ಕತ್ತು, ಮಡಚಿದ ಮೊಣಕಾಲು, ಮೂಗಿಗೆ ತಂಬಾಕಿನ ಧೂಳು. ಬೆರಳು ಬಿಟ್ಟರೆ ಮೈಯಲ್ಲಿ ಬೇರೇನೂ ಅಲುಗದು. ಸಂಜೆಗೆ ಈಕೆ ಸುಸ್ತಾಗಿ ಕುಸಿದಿರುತ್ತಾಳೆ. ಆದರೂ ಆರೋಗ್ಯದ ಲೆಕ್ಕದಲ್ಲಿ ಇದು ಇಡೀ ದಿನ ಕೂತಿದ್ದ ದೇಹ. ದಣಿವು ಬೇರೆ, ವ್ಯಾಯಾಮ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

• ಇದೇ ನಿಪ್ಪಾಣಿಯ ತಂಬಾಕು ಕಾರ್ಮಿಕ ಹೆಂಗಸರ ಸಂಘಟನೆಯ ಕಥೆ 1982ರಲ್ಲೇ ಸಾಕ್ಷ್ಯಚಿತ್ರವಾಗಿದೆ. ಹೆಸರು ‘ತಂಬಾಕು ಚಾಕಿಲಾ ಊಬ್ ಆಲಿ’. ತೆಗೆದದ್ದು ದೀಪಾ ಧನರಾಜ್ ಮತ್ತು ಗೆಳತಿಯರ ‘ಯುಗಾಂತರ್’ ತಂಡ. ತಮ್ಮ ಬವಣೆಯನ್ನು ಕ್ಯಾಮೆರಾದ ಮುಂದೆ ಆ ಹೆಂಗಸರೇ ಹೇಳಿಕೊಂಡಿದ್ದಾರೆ.

• ಇನ್ನು ಕಬ್ಬಿನ ಗ್ಯಾಂಗ್. ಕಾರ್ಖಾನೆಗಳು ನುರಿಸಲು ಶುರು ಮಾಡುತ್ತಿದ್ದಂತೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕುಟುಂಬಗಳು ಕೊಲ್ಹಾಪುರ, ಸಾಂಗ್ಲಿಗೂ ನಮ್ಮ ಗಡಿಯ ಊರುಗಳಿಗೂ ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು ‘ಕೋಯ್ತಾ’. ಮುಂಗಡ ಕೊಡುವುದು ಈ ಜೋಡಿಗೆ, ಕೂಲಿ ಕಟ್ಟುವುದು ಟನ್ ಲೆಕ್ಕದಲ್ಲಿ. ಒಂದು ದಿನ ಕೆಲಸ ತಪ್ಪಿದರೆ ದಂಡ. ಕಡಿದ ಕಬ್ಬನ್ನು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರ್‌ಗೆ ಏರಿಸುವವರಲ್ಲಿ ಮುಟ್ಟಾದವರೂ ಇರುತ್ತಾರೆ, ಬಸುರಿಯರೂ ಇರುತ್ತಾರೆ. ಗದ್ದೆಯಲ್ಲಿ ಶೌಚಾಲಯ ಇರುವುದಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡ್ ಜಿಲ್ಲೆಯ ಸುಮಾರು 82 ಸಾವಿರ ಕಬ್ಬು ಕಡಿಯುವ ಹೆಂಗಸರನ್ನು ಸಮೀಕ್ಷೆ ಮಾಡಿತು. 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಅಂದರೆ ಆರು ಮಂದಿಗೆ ಒಬ್ಬರು. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಈ ಶಸ್ತ್ರಚಿಕಿತ್ಸೆ ಆದವರು ಶೇ 3ರಷ್ಟು ಎನ್ನುತ್ತದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ನಾವು ಚಹಾಕ್ಕೆ ಹಾಕುವ ಸಕ್ಕರೆಯ ಹಿಂದೆ ಈ ಅಂಕಿಯೂ ಇದೆ. ಇಂಥವರಿಗೆ ಬೇಕಾದದ್ದು ಮೊದಲು ವಿಶ್ರಾಂತಿ, ನೀರು, ಶೌಚಾಲಯ, ರಜೆಯ ದಿನದ ಕೂಲಿ. ಆಮೇಲೆ ಉಳಿದದ್ದು.

• ಕೂಲಿಯ ದುಡಿತ ಹೃದಯಕ್ಕೆ ಒಳ್ಳೆಯದೋ ಕೆಟ್ಟದ್ದೋ? ವಿಜ್ಞಾನಿಗಳಲ್ಲೇ ವಾದವಿದೆ. ಡೆನ್ಮಾರ್ಕ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬಿಡುವಿನಲ್ಲಿ ಮೈ ದಂಡಿಸುವವರಿಗೆ ಹೃದಯಾಘಾತ ಕಡಿಮೆ, ಕೆಲಸದಲ್ಲಿ ಮೈ ದಂಡಿಸುವವರಿಗೆ ಹೆಚ್ಚು ಎಂದಿತು ಅದು. ಕೆಲಸದ ಭಾರ ನಮ್ಮ ಲಯಕ್ಕೆ ನಡೆಯುವುದಿಲ್ಲ, ನಡುವೆ ಸುಧಾರಿಸಿಕೊಳ್ಳಲು ಬಿಡುವುದಿಲ್ಲ ಎನ್ನುವುದು ಅದಕ್ಕೆ ಕೊಡುವ ಒಂದು ಕಾರಣ. ಆದರೆ ಭಾರತವೂ ಸೇರಿದಂತೆ 17 ದೇಶಗಳ 1.3 ಲಕ್ಷ ಜನರ ಮೇಲೆ ನಡೆದ ‘ಪ್ಯೂರ್’ ಅಧ್ಯಯನ 2017ರಲ್ಲಿ ಬೇರೆ ಮಾತು ಹೇಳಿತ್ತು. ನಡಿಗೆಯಾಗಲಿ, ಮನೆಗೆಲಸವಾಗಲಿ, ಹೊಲದ ಕೆಲಸವಾಗಲಿ, ವಾರಕ್ಕೆ 150 ನಿಮಿಷ ಆದರೆ ಸಾವಿನ ಅಪಾಯ ಶೇ 28ರಷ್ಟು ಕಡಿಮೆ. ನಮ್ಮ ಹಳ್ಳಿಗಳ ಬದುಕಿಗೆ ಪ್ಯೂರ್ ಹೆಚ್ಚು ಹತ್ತಿರ ಎಂದು ನನಗನ್ನಿಸುತ್ತದೆ. ಹೊಲಕ್ಕೆ ನಡೆದು ಹೋಗುವ ಅಕ್ಕನ ಹೆಜ್ಜೆ ಖಂಡಿತ ಲೆಕ್ಕಕ್ಕೆ ಬರುತ್ತದೆ. ಬಿಡುವಿಲ್ಲದ ದುಡಿತ ಮೈಯನ್ನು ಸವೆಸುತ್ತದೆ ಎನ್ನುವುದೂ ಸುಳ್ಳಲ್ಲ.

• ಈ ಇಡೀ ಶಾಸ್ತ್ರ ಶುರುವಾದದ್ದು ಬಸ್ಸಿನಲ್ಲಿ! 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗಿಂತ ಕೂತೇ ಇರುವ ಡ್ರೈವರ್‌ಗಳಿಗೆ ಹೃದ್ರೋಗ ಹೆಚ್ಚಿತ್ತು. ಅಧ್ಯಯನಕ್ಕೆ ಒಳಪಟ್ಟವರೆಲ್ಲ ಗಂಡಸರು. ಹೆಂಗಸರ ಸರದಿ ಬರಲು ಬಹಳ ಕಾಲ ಹಿಡಿಯಿತು.

• ಸರದಿ ಬಂದಾಗ ಸಿಹಿಸುದ್ದಿ ಬಂತು. ಅಮೆರಿಕದ ನಾಲ್ಕು ಲಕ್ಷ ಜನರ ಮಾಹಿತಿ ಆಧರಿಸಿದ 2024ರ ಅಧ್ಯಯನದ ಪ್ರಕಾರ ಗಂಡಸರು ವಾರಕ್ಕೆ 300 ನಿಮಿಷ ಬೆವರು ಹರಿಸಿ ಪಡೆಯುವ ಆಯುಷ್ಯದ ಲಾಭವನ್ನು ಹೆಂಗಸರು 140 ನಿಮಿಷದಲ್ಲೇ ಪಡೆಯುತ್ತಾರೆ.

• ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎನ್ನುವುದು ವೈದ್ಯರ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಬಂದದ್ದು. ಸರಾಸರಿ 72 ವರ್ಷದ 16,741 ಮಹಿಳೆಯರ ಮೇಲೆ ನಡೆದ 2019ರ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆಗೇ ಒಳ್ಳೆಯ ಫಲ ಕಂಡಿತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ.

• ಕರ್ನಾಟಕದ ಹೆಂಗಸರಲ್ಲಿ ಶೇ 30ರಷ್ಟು ಮಂದಿಯ ತೂಕ ಮಿತಿ ಮೀರಿದೆ, ಶೇ 17ರಷ್ಟು ಮಂದಿಗೆ ಇರಬೇಕಾದಷ್ಟು ತೂಕವಿಲ್ಲ, ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಇವು 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು. ರಕ್ತ ಕಡಿಮೆ ಇದ್ದರೆ ನಾಲ್ಕು ಹೆಜ್ಜೆಗೇ ಏದುಸಿರು, ಎದೆ ಡವಡವ. ಅಂಥವರಿಗೆ ‘ವಾಕಿಂಗ್ ಹೋಗು’ ಎನ್ನುವ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆ ಕೊಡಿಸಿ.

• ಹುಡುಗಿಯರ ಲೆಕ್ಕ ಇನ್ನೂ ವಿಚಿತ್ರ. 146 ದೇಶಗಳ ಶಾಲಾ ಮಕ್ಕಳ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ 85ರಷ್ಟು ಮಂದಿಗೆ ಚಟುವಟಿಕೆ ಸಾಲದು. ಭಾರತದ ಹುಡುಗಿಯರಲ್ಲಿ ಅದು ಶೇ 74. ನಮ್ಮವರೇ ವಾಸಿ ಎಂದು ಹಿಗ್ಗಬೇಡಿ. ನಮ್ಮ ಹುಡುಗಿಯರು ಮನೆಗೆಲಸ ಹೆಚ್ಚು ಮಾಡುವುದೇ ಇದಕ್ಕೆ ಕಾರಣವಿರಬಹುದು ಎಂದು ವರದಿ ಬರೆದವರೇ ಹೇಳಿದ್ದಾರೆ. ಕಸಬರಿಗೆ ಹಿಡಿದ ಕೈಗೆ ಚೆಂಡು ಸಿಗಲಿಲ್ಲ.

• ದೂಧಗಂಗೆಯ ಆಚೆ, ಮಹಾರಾಷ್ಟ್ರದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಗೆ ಸಿಕ್ಕ ವಯಸ್ಕರಲ್ಲಿ ಶೇ 91ರಷ್ಟು ಮಂದಿ ಆಟ, ವ್ಯಾಯಾಮ ಎಂದು ಯಾವುದನ್ನೂ ಮಾಡುತ್ತಿರಲಿಲ್ಲ. ಹೊಳೆಯ ಈಚೆ ಚಿತ್ರ ಬಹಳ ಬೇರೆ ಇರಲಾರದು.

• ಹಾಗಂತ ಆಟ ನಮ್ಮ ಹೆಂಗಸರಿಗೆ ಹೊಸದಲ್ಲ. ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಮರಕ್ಕೆ ಜೋಕಾಲಿ ಕಟ್ಟಿ ನಿಂತು ಜೀಕುತ್ತಾರೆ. ಒಂದೊಂದು ಜೀಕಿಗೂ ಮೊಣಕಾಲು ಮಡಚಿ, ತೊಡೆಯ ಬಲ ಹಾಕಿ ಮೇಲೇಳಬೇಕು. ಫುಗಡಿಯಂತೂ ಪೂರ್ತಿ ಕಸರತ್ತು: ಇಬ್ಬರು ಎದುರಾಬದುರು ನಿಂತು, ಕೈ ಅಡ್ಡಡ್ಡ ಹಿಡಿದು, ಪಾದ ಹತ್ತಿರ ತಂದು, ಮೈ ಹಿಂದಕ್ಕೆ ಒರಗಿಸಿ ಗಿರಗಿರನೆ ಸುತ್ತುವುದು. ತೋಳು, ಹೊಟ್ಟೆ, ಮೀನಖಂಡ ಎಲ್ಲಕ್ಕೂ ಕೆಲಸ, ಸಮತೋಲನಕ್ಕೂ ಪರೀಕ್ಷೆ. ಎರಡು ಸುತ್ತಿಗೇ ಮಾತು ನಿಂತು ನಗು ಮಾತ್ರ ಉಳಿಯುತ್ತದೆ. ಇದನ್ನು ವರ್ಷಕ್ಕೊಂದು ಹಬ್ಬಕ್ಕೆ ಮೀಸಲಿಟ್ಟವರು ಯಾರು? ಸ್ವಸಹಾಯ ಸಂಘದ ವಾರದ ಸಭೆ ಮುಗಿದ ಮೇಲೆ ಹತ್ತು ನಿಮಿಷ ಫುಗಡಿ ಆಡಿದರೆ ಬೇಡ ಎನ್ನುವವರಾರು?

• ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಗೆ. ಎರಡೂ ರಾಜ್ಯಗಳ ಭಕ್ತರು ಚಕ್ಕಡಿ ಕಟ್ಟಿ, ಕಾಲ್ನಡಿಗೆಯಲ್ಲಿ ಬರುತ್ತಾರೆ. ಹೆಂಗಸರು ಗುಂಪಾಗಿ ದೂರ ನಡೆದರೆ ಊರು ಹುಬ್ಬೇರಿಸದ ಸಂದರ್ಭಗಳಲ್ಲಿ ಇದೂ ಒಂದು.

• 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಕುರಾಶ್ ಕುಸ್ತಿಯಲ್ಲಿ ಕಂಚು ಗೆದ್ದ ಮಲಪ್ರಭಾ ಜಾಧವ್ ನಮ್ಮ ಬೆಳಗಾವಿ ಜಿಲ್ಲೆಯ ತುರಮುರಿಯವರು. 2025ರ ಜನವರಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಕರ್ನಾಟಕದ ಬಿ. ಚೈತ್ರಾ ಇದ್ದರು. ಖೋ ಖೋಗೆ ಬೇಕಾದದ್ದು ಎರಡು ಕಂಬ, ಒಂದು ಬಯಲು.

• ಮುಟ್ಟಿನ ದಿನಗಳಲ್ಲಿ ಮೂಲೆ ಹಿಡಿದು ಮಲಗಲೇಬೇಕೆಂದಿಲ್ಲ. ವಾರಕ್ಕೆ ಮೂರು ಸಲ, 45ರಿಂದ 60 ನಿಮಿಷ ವ್ಯಾಯಾಮ ಮಾಡುವವರಿಗೆ ಮುಟ್ಟಿನ ಹೊಟ್ಟೆನೋವು ಗಣನೀಯವಾಗಿ ಇಳಿಯಬಹುದು ಎಂದು 2019ರ ಕಾಕ್ರೇನ್ ಪರಿಶೀಲನೆ ಹೇಳುತ್ತದೆ. ಮಲಗಬೇಕೆನಿಸಿದರೆ ಮಲಗುವುದೂ ಅವಳ ಹಕ್ಕೇ.

• ತೊಡಕಿಲ್ಲದ ಬಸುರಿಯರಿಗೂ ಬಾಣಂತಿಯರಿಗೂ ವಾರಕ್ಕೆ 150 ನಿಮಿಷದ ಮಧ್ಯಮ ಶ್ರಮ ಒಳ್ಳೆಯದು. ಬಸಿರಿನ ಸಕ್ಕರೆ ಕಾಯಿಲೆಯ ಅಪಾಯ ಅದರಿಂದ ತಗ್ಗುತ್ತದೆ. ಭಾರ ಹೊರುವುದು ಇದರಲ್ಲಿ ಬರುವುದಿಲ್ಲ.

• ಕೆಮ್ಮಿದಾಗ, ನಕ್ಕಾಗ, ಕೊಡ ಎತ್ತಿದಾಗ ಹನಿ ಮೂತ್ರ ಸೋರುವುದು ಹೆತ್ತವರಲ್ಲಿ ಸಾಮಾನ್ಯ. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಇದಕ್ಕೂ ವ್ಯಾಯಾಮವಿದೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಅದನ್ನು ಬರೆದರು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ ಬಿಗಿಹಿಡಿದು, ಐದು ಎಣಿಸಿ, ಸಡಿಲ ಬಿಡುವುದು. ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತು. ರೊಟ್ಟಿ ಬಡಿಯುತ್ತಲೂ ಮಾಡಬಹುದು, ಪಕ್ಕದವರಿಗೆ ಗೊತ್ತಾಗುವುದಿಲ್ಲ. ಮೂರು ತಿಂಗಳು ಬಿಡದೆ ಮಾಡಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

• ಮುಟ್ಟು ನಿಂತ ಮೇಲಿನ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದವರಿಗೆ ಇದು ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಬಿರುಸಿನ ನಡಿಗೆ, ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಇವೆಲ್ಲ ಮೂಳೆಗೂ ಸ್ನಾಯುವಿಗೂ ಬಲ.

• ಆಶಾ ಕಾರ್ಯಕರ್ತೆ ಮನೆಗೆ ತರುವ ಒಂದು ನಮೂನೆ ನಿಮಗೆ ಗೊತ್ತಿರಬೇಕು. ಮೂವತ್ತು ದಾಟಿದ ಎಲ್ಲರಿಗೂ ಅದು. ತಂಬಾಕು, ಮದ್ಯ, ಮನೆತನದ ಕಾಯಿಲೆಗಳ ಜೊತೆಗೆ ಅದರಲ್ಲಿ ಸೊಂಟದ ಸುತ್ತಳತೆ ಕೇಳುತ್ತಾರೆ. ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಸೊನ್ನೆ, 90 ದಾಟಿದರೆ ಎರಡು ಅಂಕ. ವಾರಕ್ಕೆ 150 ನಿಮಿಷ ಚಟುವಟಿಕೆ ಇದೆಯೇ ಎಂದೂ ಕೇಳುತ್ತಾರೆ. ಇಲ್ಲದಿದ್ದರೆ ಒಂದು ಅಂಕ. ಒಟ್ಟು ನಾಲ್ಕು ದಾಟಿದವರನ್ನು ರಕ್ತದೊತ್ತಡ, ಸಕ್ಕರೆ, ಕ್ಯಾನ್ಸರ್ ತಪಾಸಣೆಗೆ ಮೊದಲು ಕರೆಯುತ್ತಾರೆ. ‘ದಿನಾ ದುಡೀತೀನಲ್ಲ, ಬರ್ಕೋ ತಂಗಿ’ ಎಂದು ಮುಗಿಸಬೇಡಿ. ಎಷ್ಟು ನಡೆಯುತ್ತೀರಿ, ಎಷ್ಟು ಹೊತ್ತು ಕೂತಿರುತ್ತೀರಿ, ಬಿಡಿಸಿ ಹೇಳಿ.

• ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಗ್ರಾಮಸಭೆಗೂ ಮೊದಲು ಮಹಿಳಾ ಗ್ರಾಮಸಭೆ ನಡೆಯಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಅಕ್ಕತಂಗಿಯರೇ, ಮುಂದಿನ ಸಭೆಯಲ್ಲಿ ಎರಡು ಬೇಡಿಕೆ ಬರೆಸಿ: ಸಂಜೆ ಒಂದು ಗಂಟೆ ಶಾಲೆಯ ಬಯಲು ಹೆಂಗಸರಿಗೆ ತೆರೆದಿರಬೇಕು, ಅಲ್ಲೊಂದು ದೀಪ ಉರಿಯಬೇಕು. ಮತ್ತು ಗಂಡಸರೇ, ಆ ಒಂದು ಗಂಟೆ ರೊಟ್ಟಿ, ಪಲ್ಯ, ಕೂಸು ನಿಮ್ಮ ಪಾಲಿಗಿರಲಿ.