ತೋಳಮಾನವರ ದುಷ್ಟಕೂಟ: ಒಂದು ವಿಫಲ ಕಲ್ಪನೆಯ ವಿವೇಚನೆ

ಯಲಹಂಕವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ಹುಣಸಮಾರನಹಳ್ಳಿ ಸಿಗುತ್ತದೆ. ಊರಿನ ಹೆಸರಿನ ಮೊದಲ ಭಾಗವೇ ಹುಣಸೆಯನ್ನು ನೆನಪಿಗೆ ತರುತ್ತದೆ. ಹುಣಸೆಯ ಮರದಲ್ಲಿ ದೆವ್ವವಿರುತ್ತದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಹಳೆಯದು. ಇಂದು ಅಲ್ಲಿಯ ಕಾಲೇಜುಗಳಲ್ಲಿ ಓದುವ ತರುಣರಿಗೆ ಮರದ ದೆವ್ವಕ್ಕಿಂತ ಅಮೆರಿಕದ ಚಿತ್ರಕಥೆಗಳ ತೋಳಮಾನವನೇ ಹೆಚ್ಚು ಪರಿಚಿತನಾಗಿರಬಹುದು. ಅವರಲ್ಲಿ ಕೆಲವರು ಮುಂದೆ ತಾವೇ ಚಿತ್ರಕಥೆಗಳನ್ನು ರಚಿಸುವರು. ಆದುದರಿಂದ ಒಂಟಿಯಾಗಿ ಗೆದ್ದ ತೋಳಮಾನವನು ಗುಂಪಿನಲ್ಲಿ ಸೋತುದೇಕೆಂಬ ಪ್ರಶ್ನೆಯು ಬರಿಯ ಕುತೂಹಲದ್ದಲ್ಲವೆಂದು ನಾವು ಭಾವಿಸುತ್ತೇವೆ.

ರೋಮಿನ ಕವಿ ಓವಿಡ್ ಹೇಳುವ ಕಥೆಯಲ್ಲಿ, ಅತಿಥಿಯಾಗಿ ಬಂದ ದೇವರಿಗೆ ನರಮಾಂಸವನ್ನು ಬಡಿಸಿದ ಲೈಕೇಯಾನ್ ಎಂಬ ಅರಸನು ತೋಳವಾಗುತ್ತಾನೆ. ಅಲ್ಲಿ ರೂಪಾಂತರವು ಪಾಪದ ಫಲ. 1941ರ 'ದಿ ವುಲ್ಫ್ ಮ್ಯಾನ್' ಚಲನಚಿತ್ರದಲ್ಲಾದರೋ ಅದು ನಿರಪರಾಧಿಯ ಮೇಲೆ ಬಂದೆರಗಿದ ದುರ್ವಿಧಿ. 1954ರಲ್ಲಿ ಅಮೆರಿಕದ ಚಿತ್ರಕಥಾ ಪ್ರಕಾಶಕರು ತಮಗೆ ತಾವೇ ವಿಧಿಸಿಕೊಂಡ ನಿಯಮಾವಳಿಯು ತೋಳಮಾನವರನ್ನು ನಿಷೇಧಿಸಿತು. 1971ರಲ್ಲಿ ಆ ನಿಯಮ ಸಡಿಲವಾಯಿತು. ಮರುವರ್ಷವೇ ಮಾರ್ವೆಲ್ ಸಂಸ್ಥೆಯ 'ವೇರ್‌ವುಲ್ಫ್ ಬೈ ನೈಟ್' ಕಾಣಿಸಿಕೊಂಡಿತು. ಹುಣ್ಣಿಮೆಯಲ್ಲಿ ತನ್ನ ಇಚ್ಛೆಗೆ ವಿರುದ್ಧವಾಗಿ ಮೃಗವಾಗುವ ತರುಣನ ಆ ಕಥೆಯ ಪತ್ರಿಕೆಯು 1977ರವರೆಗೆ 43 ಸಂಚಿಕೆಗಳನ್ನು ಕಂಡಿತು.

ಇದೇ ಸಂಸ್ಥೆಯ 'ಕ್ಯಾಪ್ಟನ್ ಅಮೆರಿಕ' ಮಾಲೆಯಲ್ಲಿ ತೋಳಗಳ ಪಡೆಯನ್ನು ಕಟ್ಟುವ ಪ್ರಯತ್ನವೂ ನಡೆಯಿತು. 1973ರಲ್ಲಿ ನೈಟ್‌ಶೇಡ್ ಎಂಬ ವಿಜ್ಞಾನಿಯು ಸೆರೆಮನೆಯ ಕೈದಿಗಳನ್ನು ತೋಳಮಾನವರನ್ನಾಗಿ ಮಾಡಿದಳು. 1992ರಲ್ಲಿ ಮಾರ್ಕ್ ಗ್ರುಯೆನ್ವಾಲ್ಡ್ ಬರೆದ ಕಥಾಸರಣಿಯಲ್ಲಿ ಡ್ರೆಡ್‌ಮಂಡ್ ಎಂಬ ಮಾಂತ್ರಿಕನು ಒಂದು ಊರನ್ನೇ ತೋಳಗಳಿಂದ ತುಂಬಿದನು. ನಾಯಕನೇ ತೋಳರೂಪ ತಾಳಿದ ಚಿತ್ರವನ್ನು ಓದುಗರು ಮರೆಯಲಿಲ್ಲ. ಆ ಪಡೆಯಾದರೋ ಕಥೆಯೊಡನೆಯೇ ಮುಗಿಯಿತು.

ಇದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಮೊದಲನೆಯದು, ಇಚ್ಛೆಯ ಪ್ರಶ್ನೆ. ತೋಳಮಾನವನ ಭೀಕರತೆಯಿರುವುದು ಅವನ ಹಲ್ಲಿನಲ್ಲಲ್ಲ. ಬೆಳಗಾದ ಮೇಲೆ ತನ್ನ ಕೈಗಳನ್ನು ನೋಡಿಕೊಳ್ಳುವ ಮನುಷ್ಯನಲ್ಲಿ. ಒಡೆಯನ ಅಪ್ಪಣೆಯಂತೆ ನಡೆಯುವ ಪಡೆಯಲ್ಲಿ ಆ ಮನುಷ್ಯನಿಗೆ ಎಡೆಯೇ ಇಲ್ಲ. ಉಳಿಯುವುದು ರೋಮಾವೃತನಾದ ಸೈನಿಕ ಮಾತ್ರ. ಎರಡನೆಯದು, ಶಕ್ತಿಯ ಪ್ರಶ್ನೆ. ಶಾಪವಾಗಿದ್ದುದನ್ನು ಅತಿಮಾನುಷ ಬಲವನ್ನಾಗಿ ಮಾಡಿದೊಡನೆ ಅದು ವರವಾಗಿಬಿಡುತ್ತದೆ. ವರ ಪಡೆದವನಿಗಾಗಿ ಯಾರೂ ಮರುಗುವುದಿಲ್ಲ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಕುರಿಗಾಹಿಗೆ ತೋಳವು ಮಂದೆಯ ಕಳ್ಳ. ಆದರೂ ಅದು ನಮಗೆ ಪಾಪದ ಪ್ರತೀಕವಾಗಲಿಲ್ಲ. ಮಹಾಭಾರತದ ಭೀಮನು ವೃಕೋದರ, ಅಂದರೆ ತೋಳದ ಹೊಟ್ಟೆಯವನು. ಆ ಹೆಸರು ನಿಂದೆಯಲ್ಲ. ಮೇಲುಕೋಟೆಯಲ್ಲಿ 1974ರಲ್ಲಿ ವನ್ಯಧಾಮವನ್ನು ಸ್ಥಾಪಿಸಿದುದು ಮುಖ್ಯವಾಗಿ ತೋಳಗಳ ರಕ್ಷಣೆಗೆಂದೇ. ನಮ್ಮಲ್ಲಿ ರೂಪ ಬದಲಿಸುವ ಪ್ರಾಣಿಯೆಂದರೆ ಬಹುಮಟ್ಟಿಗೆ ಹಾವು. ಗಿರೀಶ ಕಾರ್ನಾಡರು ಜನಪದ ಕಥೆಗಳ ಆಧಾರದಿಂದ ರಚಿಸಿ 1988ರಲ್ಲಿ ಪ್ರಕಟಿಸಿದ 'ನಾಗಮಂಡಲ'ದಲ್ಲಿ ನಾಗನು ಗಂಡನ ರೂಪದಲ್ಲಿ ಬರುವುದು ಹಗೆಯಿಂದಲ್ಲ, ಒಲವಿನಿಂದ. ಬೆಂಗಳೂರಿನಲ್ಲಿ ಚಿತ್ರಶಾಲೆಯನ್ನು ಹೊಂದಿದ್ದ ವರ್ಜಿನ್ ಕಾಮಿಕ್ಸ್ ಸಂಸ್ಥೆಯೂ 2006ರಲ್ಲಿ 'ಸ್ನೇಕ್ ವುಮನ್' ಎಂಬ ಮಾಲೆಯನ್ನೇ ಹೊರತಂದಿತು. 2008ರಲ್ಲಿ ಆ ಸಂಸ್ಥೆಯ ಒಡೆತನ ಬದಲಾಗಿ ಅದು ಲಿಕ್ವಿಡ್ ಕಾಮಿಕ್ಸ್ ಎನಿಸಿತು. ಈ ವ್ಯಾಪಾರದ ಏರಿಳಿತದಿಂದ ಕಲ್ಪನೆಯ ಬೆಲೆಯನ್ನು ಅಳೆಯಲಾಗದು.

ಹೊರಗಿನಿಂದ ತೋಳಮಾನವನನ್ನು ತರಬಾರದೆಂದು ನಾವು ಹೇಳುತ್ತಿಲ್ಲ. ತರುವುದಾದರೆ ಅವನ ವ್ಯಥೆಯನ್ನೂ ತರಬೇಕು. ಅದಕ್ಕೆ ಮೊದಲು, ಹುಣಸೆಯ ಮರದ ಬಗೆಗೆ ಮನೆಯ ಹಿರಿಯರು ಹೇಳುವುದನ್ನು ಒಮ್ಮೆ ಕುಳಿತು ಕೇಳಿ ಬರೆದಿಟ್ಟುಕೊಳ್ಳುವುದು ವಿದ್ಯಾರ್ಥಿಗಳಿಗೆ ಉಚಿತವೆಂದು ತೋರುತ್ತದೆ.