ಮನೆಯನ್ನು ಮೇಲಕ್ಕೆತ್ತುವ ವಿದ್ಯೆ

ಮನೆಯು ಕಟ್ಟಿದ ಮಟ್ಟದಲ್ಲಿಯೇ ಇರುತ್ತದೆ; ಅದರ ಮುಂದಿನ ರಸ್ತೆ ಮಾತ್ರ ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ಊರುಗಳ ಹಳೆಯ ಬೀದಿಗಳಲ್ಲಿ ನಡೆದುಹೋಗುವವರಿಗೆ ಇದು ಹೊಸ ಸಂಗತಿಯಲ್ಲ. ಹಿಂದೆ ಎರಡು ಮೂರು ಮೆಟ್ಟಿಲು ಹತ್ತಿ ಜಗಲಿಯನ್ನು ಸೇರಬೇಕಾಗಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಾಗಿರುವುದುಂಟು. ಜಲ್ಲಿ ಮತ್ತು ಡಾಂಬರಿನ ಪದರಗಳು ಒಂದರ ಮೇಲೊಂದು ಬಿದ್ದು ಬೀದಿ ಎತ್ತರವಾಯಿತು. ಜೋರು ಮಳೆ ಬಂದರೆ ಬೀದಿಯ ನೀರು ನಡುಮನೆಗೆ ನುಗ್ಗುತ್ತದೆ.

ಇದರೊಡನೆ ಇನ್ನೊಂದು ಒತ್ತಾಯವೂ ಸೇರಿಕೊಂಡಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಪ್ರಾರಂಭವಾದ ಮೇಲೆ ಈ ಸೀಮೆಯ ನೆಲದ ಬೆಲೆ ಏರಿತು. ಇದ್ದ ಮನೆಯ ಕೆಳಗೇ ಒಂದು ಅಂಗಡಿಗೋ, ವಾಹನಕ್ಕೋ, ಮಗ್ಗಗಳಿಗೋ ಸ್ಥಳ ದೊರೆತರೆ ಆಗಬಹುದಲ್ಲವೇ ಎಂಬ ಆಸೆ ಮನೆಯ ಯಜಮಾನರಲ್ಲಿ ಹುಟ್ಟುವುದು ಸಹಜ. ಮನೆಯನ್ನು ಕೆಡವಿ ಹೊಸದನ್ನು ಕಟ್ಟುವಷ್ಟು ಹಣವಿಲ್ಲದವರು ಮನೆಯನ್ನು ಇದ್ದಂತೆಯೇ ಮೇಲಕ್ಕೆತ್ತಿ ಅದರ ಅಡಿಯಲ್ಲಿ ಹೊಸ ಗೋಡೆ ಕಟ್ಟಬಹುದೆಂಬುದನ್ನು ಕೇಳಿ ಬೆರಗಾಗುತ್ತಾರೆ. ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಈ ಕೆಲಸ ಈಗಾಗಲೇ ನಡೆದಿದೆ. ಇದು ಹೇಗೆ ಸಾಧ್ಯ? ಯಾವ ಮನೆಗೆ ಇದು ಹೊಂದುತ್ತದೆ? ಈ ಎರಡು ಪ್ರಶ್ನೆಗಳನ್ನು ನಾವು ಭೌತವಿಜ್ಞಾನದ ಸಹಾಯದಿಂದ ವಿಚಾರ ಮಾಡೋಣ.

ಮನೆಯ ತೂಕವೆಷ್ಟು?

ಮೊದಲು ಮನೆಯ ತೂಕವನ್ನು ಅಂದಾಜು ಮಾಡೋಣ. 30 ಅಡಿ ಅಗಲ, 40 ಅಡಿ ಉದ್ದದ, ಒಂದೇ ಅಂತಸ್ತಿನ ಇಟ್ಟಿಗೆಯ ಮನೆಯೊಂದನ್ನು ತೆಗೆದುಕೊಳ್ಳಿ. ಹೊರಗೋಡೆ ಒಳಗೋಡೆಗಳ ಒಟ್ಟು ಉದ್ದ ಸುಮಾರು 60 ಮೀಟರ್, ಎತ್ತರ 3 ಮೀಟರ್, ದಪ್ಪ 9 ಅಂಗುಲ ಎಂದಿಟ್ಟುಕೊಳ್ಳೋಣ. ಬಾಗಿಲು ಕಿಟಕಿಗಳ ಭಾಗವನ್ನು ಕಳೆದರೆ ಸುಮಾರು 35 ಘನ ಮೀಟರ್ ಇಟ್ಟಿಗೆ ಕೆಲಸ ಉಳಿಯುತ್ತದೆ. ಇದರ ತೂಕ ಸುಮಾರು 67 ಟನ್. ಕಾಂಕ್ರೀಟಿನ ತಾರಸಿ, ಅದರ ಮೇಲಿನ ಗಾರೆ, ಗೋಡೆಗಳ ಗಿಲಾವು ಇವುಗಳಿಗೆ ಇನ್ನೊಂದು ಐವತ್ತು ಟನ್ ಸೇರಿಸಿದರೆ ಮನೆಯ ತೂಕ ಸುಮಾರು 120 ಟನ್ ಆಗುತ್ತದೆ.

ಈ 120 ಟನ್ನನ್ನು ಒಂದು ಅಂತಸ್ತಿನಷ್ಟು, ಎಂದರೆ 3 ಮೀಟರ್ ಎತ್ತಬೇಕು. ತೂಕವನ್ನು ಎತ್ತರದಿಂದ ಗುಣಿಸಿದರೆ ಮಾಡಬೇಕಾದ ಕೆಲಸ ದೊರೆಯುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. 1,20,000 ಕಿಲೋಗ್ರಾಂ, ಗುರುತ್ವ ವೇಗೋತ್ಕರ್ಷ 9.8, ಎತ್ತರ 3 ಮೀಟರ್. ಗುಣಲಬ್ಧ ಸುಮಾರು 35 ಲಕ್ಷ ಜೂಲುಗಳು. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ನಮ್ಮ ಮನೆಯ ವಿದ್ಯುತ್ ಮೀಟರಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲು! ಒಂದು ಬೀಸಣಿಗೆಯನ್ನು ಹದಿಮೂರು ಗಂಟೆ ತಿರುಗಿಸುವ ಶಕ್ತಿಯಿಂದ, ಸೋರಿಕೆಯೇನೂ ಇಲ್ಲದಿದ್ದರೆ, ಇಡೀ ಮನೆಯನ್ನು ಒಂದು ಅಂತಸ್ತು ಮೇಲೆತ್ತಬಹುದು. ಘರ್ಷಣೆಯಲ್ಲಿ ಮುಕ್ಕಾಲು ಪಾಲು ನಷ್ಟವಾದರೂ ನಾಲ್ಕು ಯೂನಿಟ್ ಸಾಕು.

ಹಾಗಾದರೆ ಈ ಕೆಲಸಕ್ಕೆ ವಾರಗಟ್ಟಲೆ ಕಾಲವೂ ಲಕ್ಷಗಟ್ಟಲೆ ರೂಪಾಯಿಯೂ ಏಕೆ ಬೇಕು? ಮನೆಯನ್ನು ಎತ್ತುವುದು ಸುಲಭ. ಸಮವಾಗಿ ಎತ್ತುವುದು ಕಠಿಣ. ಈ ವಿದ್ಯೆಯ ತಿರುಳೆಲ್ಲ ಈ ಮಾತಿನಲ್ಲಿದೆ.

ತಿರುಪಿನ ಮಹಿಮೆ

ಲಾರಿಯ ಚಕ್ರ ಬದಲಾಯಿಸುವಾಗ ಬಳಸುವ ತಿರುಪು ಜಾಕಿಯನ್ನು ವಾಚಕರು ನೋಡಿರಬಹುದು. ಮನೆ ಎತ್ತುವವರ ಮುಖ್ಯ ಸಲಕರಣೆಯೂ ಅದೇ. ಕಾಗದವನ್ನು ಲಂಬಕೋನ ತ್ರಿಭುಜದಂತೆ ಕತ್ತರಿಸಿ ಸೀಸದ ಕಡ್ಡಿಗೆ ಸುತ್ತಿದರೆ ಅದರ ಓರೆಯ ಅಂಚು ತಿರುಪಿನ ಎಳೆಯಾಗುತ್ತದೆ. ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಬೆಟ್ಟದ ಮೇಲಿನ ದೇವಸ್ಥಾನಕ್ಕೆ ನೆಟ್ಟಗೆ ಹತ್ತಲಾರದ ಬಂಡಿ ಸುತ್ತುದಾರಿಯಲ್ಲಿ ಹತ್ತುವಂತೆ, ಭಾರವು ಈ ಸುತ್ತುದಾರಿಯಲ್ಲಿ ಮೆಲ್ಲಮೆಲ್ಲನೆ ಮೇಲೇರುತ್ತದೆ.

ನಮ್ಮ ಮನೆಯ ಗೋಡೆಗಳ ಕೆಳಗೆ 150 ಜಾಕಿಗಳನ್ನು ಇಟ್ಟರೆ ಒಂದೊಂದಕ್ಕೆ ಬರುವ ಭಾರ ಸುಮಾರು 800 ಕಿಲೋಗ್ರಾಂ. ತಿರುಪಿನ ಎರಡು ಎಳೆಗಳ ಅಂತರ 8 ಮಿಲಿಮೀಟರ್, ಹಿಡಿಯ ಉದ್ದ 40 ಸೆಂಟಿಮೀಟರ್ ಎಂದಿರಲಿ. ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ಕೈ ಸುಮಾರು 2,500 ಮಿಲಿಮೀಟರ್ ಚಲಿಸುತ್ತದೆ, ಭಾರ ಕೇವಲ 8 ಮಿಲಿಮೀಟರ್ ಏರುತ್ತದೆ. ಯಾಂತ್ರಿಕ ಲಾಭ ಮುನ್ನೂರಕ್ಕೂ ಹೆಚ್ಚು. ಘರ್ಷಣೆಯಿಲ್ಲದಿದ್ದರೆ ಎರಡೂವರೆ ಕಿಲೋಗ್ರಾಂ ಬಲ ಸಾಕಾಗುತ್ತಿತ್ತು. ಘರ್ಷಣೆಯನ್ನು ಲೆಕ್ಕಕ್ಕೆ ತಂದರೆ ಹತ್ತು ಕಿಲೋಗ್ರಾಂ ಬೇಕಾಗುತ್ತದೆ. ಕಾಲೇಜಿನ ವಿದ್ಯಾರ್ಥಿಯ ಒಂದು ಕೈಗೆ ಇದು ಅಸಾಧ್ಯವೇನಲ್ಲ.

ಘರ್ಷಣೆಯನ್ನು ಇಲ್ಲಿ ಶಪಿಸಬಾರದು. ಕೈಬಿಟ್ಟ ಒಡನೆಯೇ ಭಾರದ ಒತ್ತಡಕ್ಕೆ ತಿರುಪು ಹಿಂದಕ್ಕೆ ತಿರುಗಿ ಮನೆ ಇಳಿದುಬಿಡಬಾರದೇಕೆ? ತಿರುಪಿನ ಸರಾಸರಿ ವ್ಯಾಸ 40 ಮಿಲಿಮೀಟರ್ ಆದರೆ ಅದರ ಸುತ್ತಳತೆ ಸುಮಾರು 126 ಮಿಲಿಮೀಟರ್. ಅಷ್ಟು ದೂರಕ್ಕೆ 8 ಮಿಲಿಮೀಟರ್ ಏರಿಕೆ, ಎಂದರೆ 16ಕ್ಕೆ 1ರ ಇಳಿಜಾರು. ಎಣ್ಣೆ ಸವರಿದ ಉಕ್ಕಿನ ಮೇಲೆ ಉಕ್ಕು ಜಾರಬೇಕಾದರೆ ಸಾಮಾನ್ಯವಾಗಿ 8ಕ್ಕೋ 10ಕ್ಕೋ 1ರಷ್ಟು ಇಳಿಜಾರು ಬೇಕು. ಆದ್ದರಿಂದ ಭಾರ ಜಾರದೆ ಇದ್ದಲ್ಲಿಯೇ ನಿಲ್ಲುತ್ತದೆ. ಮುಕ್ಕಾಲು ಶ್ರಮವನ್ನು ನುಂಗುವ ಘರ್ಷಣೆಯೇ ರಾತ್ರಿಯೆಲ್ಲ ಮನೆಯನ್ನು ಹಿಡಿದು ನಿಲ್ಲಿಸುವ ಕಾವಲುಗಾರ.

ಕೆಲಸದ ಕ್ರಮ

ಮೊದಲು ನೀರಿನ ಕೊಳಾಯಿ, ಚರಂಡಿಯ ಕೊಳವೆ, ವಿದ್ಯುತ್ ತಂತಿ ಇವುಗಳ ಸಂಬಂಧವನ್ನು ಬಿಡಿಸುತ್ತಾರೆ. ಬಳಿಕ ಗೋಡೆಯ ಬುಡದಲ್ಲಿ ಮಣ್ಣನ್ನು ಅಗೆದು, ಪಾಯದ ಮೇಲ್ಭಾಗದಲ್ಲಿ ಗೋಡೆಯನ್ನು ತುಂಡು ತುಂಡಾಗಿ ಒಡೆಯುತ್ತಾರೆ. ಒಂದು ಅಡಿ ಒಡೆದರೆ ಪಕ್ಕದ ಕೆಲವು ಅಡಿಗಳನ್ನು ಹಾಗೆಯೇ ಬಿಡಬೇಕು. ಒಡೆದ ಸಂದಿನಲ್ಲಿ ಜಾಕಿಯನ್ನಿಟ್ಟು, ಅದರ ತಲೆಯ ಮೇಲೆ ಉಕ್ಕಿನ ತೊಲೆಯನ್ನು ಗೋಡೆಗೆ ಒತ್ತಿ ಕೂರಿಸಿ, ತಿರುಪನ್ನು ಬಿಗಿ ಮಾಡಿ, ಅನಂತರವೇ ಮುಂದಿನ ಸಂದಿಗೆ ಕೈಹಾಕುತ್ತಾರೆ. ಭಾರವು ನೆಲಕ್ಕೆ ಇಳಿಯುವ ದಾರಿ ಒಂದು ಕ್ಷಣವೂ ತಪ್ಪಬಾರದೆಂಬುದೇ ಇದರ ನಿಯಮ. ಹೀಗೆ ಗೋಡೆಗಳೆಲ್ಲವೂ ಜಾಕಿಗಳ ಮೇಲೆ ನಿಂತ ಬಳಿಕ ಎತ್ತುವ ಕೆಲಸ ಪ್ರಾರಂಭ.

ಜಾಕಿಯ ಅಡಿಯ ನೆಲವನ್ನೂ ಮರೆಯಬಾರದು. ಮೊದಲು ಮನೆಯ ಭಾರ ಎರಡೂವರೆ ಅಡಿ ಅಗಲದ ಪಾಯದ ಉದ್ದಕ್ಕೂ ಹರಡಿತ್ತು. ಚದರ ಮೀಟರಿಗೆ ಮೂರು ಟನ್ನಿಗಿಂತ ಕಡಿಮೆ. ಒಂದು ಗೇಣಿಗಿಂತ ಕಡಿಮೆ ಅಗಲದ ಜಾಕಿಯ ಪಾದದಡಿಯಲ್ಲಿ ಅದೇ ಭಾರ ಚದರ ಮೀಟರಿಗೆ ಇಪ್ಪತ್ತು ಟನ್ ಆಗುತ್ತದೆ. ನಿಲ್ಲಲು ನೆಲೆಯೊಂದಿದ್ದರೆ ಭೂಮಿಯನ್ನೇ ಎತ್ತುವೆನೆಂದು ಆರ್ಕಿಮಿಡೀಸನು ಹೇಳಿದನೆಂಬ ಪ್ರತೀತಿಯಿದೆ. ಮನೆ ಎತ್ತುವವರಿಗೂ ಬೇಕಾದುದು ಆ ನೆಲೆಯೇ. ಅದಕ್ಕಾಗಿ ಜಾಕಿಯ ಕೆಳಗೆ ಕಾಂಕ್ರೀಟಿನ ಹಾಸು ಅಥವಾ ದಪ್ಪ ಮರದ ದಿಮ್ಮಿಗಳನ್ನಿಟ್ಟು ಭಾರವನ್ನು ಹರಡುತ್ತಾರೆ. ಜಾಕಿಯ ತಿರುಪು ಉದ್ದಕ್ಕೆ ಹೊರಬಂದಷ್ಟೂ ಪಕ್ಕಕ್ಕೆ ವಾಲುವ ಭಯ ಹೆಚ್ಚು. ಆದ್ದರಿಂದ ಸ್ವಲ್ಪ ಎತ್ತಿ, ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿ ಮನೆಗೆ ಆಸರೆ ಕೊಟ್ಟು, ಜಾಕಿಯನ್ನು ಮೇಲಕ್ಕಿಟ್ಟು ಮತ್ತೆ ಎತ್ತಬೇಕಾಗುತ್ತದೆ.

ಸಮತೆಯ ಪ್ರಶ್ನೆ

ಸೀಮೆಸುಣ್ಣದ ಕಡ್ಡಿಯನ್ನು ಎರಡು ತುದಿಗಳಿಂದ ಒತ್ತಿ ನೋಡಿ. ಅದು ಸುಲಭವಾಗಿ ಪುಡಿಯಾಗದು. ಅದನ್ನೇ ಬಗ್ಗಿಸಿದರೆ ಒಡನೆಯೇ ಮುರಿಯುತ್ತದೆ. ಬಗ್ಗಿದಾಗ ಅದರ ಒಂದು ಮಗ್ಗುಲು ಎಳೆತಕ್ಕೆ ಸಿಕ್ಕುತ್ತದೆ. ಇಟ್ಟಿಗೆ ಗಾರೆಗಳ ಸ್ವಭಾವವೂ ಇದೇ: ಒತ್ತಡವನ್ನು ತಡೆಯುತ್ತವೆ, ಎಳೆತವನ್ನು ತಡೆಯಲಾರವು. ಗೋಡೆಯ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಏರಿದರೆ ಗೋಡೆ ಬಗ್ಗಿದಂತಾಗಿ ಬಿರುಕು ಬಿಡುತ್ತದೆ. ಪಾಯ ಕುಸಿದ ಕಟ್ಟಡಗಳನ್ನು ಪರಿಶೀಲಿಸಿದ ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಎಂಜಿನಿಯರುಗಳು 1956ರಲ್ಲಿ ಒಂದು ಮಿತಿಯನ್ನು ಸೂಚಿಸಿದರು: ಎರಡು ಬಿಂದುಗಳ ಮಟ್ಟದ ವ್ಯತ್ಯಾಸ ಅವುಗಳ ನಡುವಣ ದೂರದ 300ರಲ್ಲಿ 1 ಭಾಗವನ್ನು ಮುಟ್ಟಿದರೆ ಗೋಡೆಗಳು ಬಿರಿಯತೊಡಗುತ್ತವೆ. 3 ಮೀಟರ್ ಉದ್ದದ ಕೋಣೆಗೆ ಇದು ಒಂದು ಸೆಂಟಿಮೀಟರ್. ಎಂದರೆ ನಮ್ಮ ಜಾಕಿಯ ಒಂದೂಕಾಲು ಸುತ್ತು ಮಾತ್ರ!

ಮೂರು ಕಾಲಿನ ಪೀಠ ಎಂಥ ನೆಲದ ಮೇಲೂ ಅಲುಗದೆ ನಿಲ್ಲುತ್ತದೆ. ನಾಲ್ಕು ಕಾಲಿನ ಕುರ್ಚಿಯ ಒಂದು ಕಾಲು ಗಿಡ್ಡವಾದರೆ ಉಳಿದವು ಅದರ ಭಾರವನ್ನೂ ಹೊರಬೇಕು. ನಮ್ಮ ಮನೆಗಾದರೋ 150 ಕಾಲುಗಳು. ಒಂದು ಜಾಕಿ ಹಿಂದುಳಿದರೆ ಅದರ ಭಾರ ನೆರೆಯ ಜಾಕಿಗಳಿಗೆ ಸರಿಯುತ್ತದೆ, ಅಲ್ಲಿನ ಗೋಡೆಗೆ ಎಳೆತ ಹುಟ್ಟುತ್ತದೆ. ಆದುದರಿಂದ ಕೆಲಸಗಾರರೆಲ್ಲರೂ ಒಂದೇ ಸನ್ನೆಗೆ ಹಿಡಿಯನ್ನು ಒಂದೇ ಅಳತೆಗೆ ತಿರುಗಿಸಬೇಕು. ನೀರು ತುಂಬಿದ ಪಾರದರ್ಶಕ ಕೊಳವೆಯಿಂದಲೂ ರಸಮಟ್ಟದಿಂದಲೂ ಮೂಲೆ ಮೂಲೆಯ ಮಟ್ಟವನ್ನು ಮತ್ತೆ ಮತ್ತೆ ತಾಳೆ ನೋಡಬೇಕು.

ಈ ಸಮತೆಯ ಅದ್ಭುತ ನಿದರ್ಶನ ಅಮೆರಿಕದ ಷಿಕಾಗೋ ನಗರದಲ್ಲಿ ದೊರೆಯಿತು. ಸರೋವರದ ದಡದ ತಗ್ಗಿನಲ್ಲಿದ್ದ ಆ ನಗರದಲ್ಲಿ ಒಳಚರಂಡಿಗೆ ಇಳಿಜಾರು ದೊರೆಯದೆ ಬೀದಿಗಳನ್ನೇ ಎತ್ತರಿಸಬೇಕಾಯಿತು. ಆಗ ಕಟ್ಟಡಗಳನ್ನೂ ಎತ್ತಿದರು. 1860ರಲ್ಲಿ ಲೇಕ್ ಬೀದಿಯ 320 ಅಡಿ ಉದ್ದದ ಕಟ್ಟಡಗಳ ಸಾಲೊಂದನ್ನು 600 ಜನರು 6,000 ತಿರುಪು ಜಾಕಿಗಳಿಂದ ಐದು ದಿನಗಳಲ್ಲಿ 4 ಅಡಿ 8 ಅಂಗುಲ ಮೇಲೆತ್ತಿದರು. ಅದರ ತೂಕವನ್ನು 35,000 ಟನ್ ಎಂದು ಅಂದಾಜು ಮಾಡಲಾಗಿತ್ತು. ಒಬ್ಬೊಬ್ಬನ ವಶದಲ್ಲಿ ಹತ್ತು ಜಾಕಿಗಳು. ಕೆಲಸ ನಡೆಯುತ್ತಿದ್ದಾಗಲೂ ಅಂಗಡಿಗಳು ತೆರೆದೇ ಇದ್ದುವು.

ಶ್ರೀರಂಗಪಟ್ಟಣದ ಪಾಠ

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರು-ಮೈಸೂರು ರೈಲು ಹಾದಿಯನ್ನು ಜೋಡಿಹಾದಿಯಾಗಿ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟೀಪು ಸುಲ್ತಾನನ ಕಾಲದ ಶಸ್ತ್ರಾಗಾರವೊಂದು ಅಡ್ಡ ಬಂದಿತು. ಅದು ಸಂರಕ್ಷಿತ ಸ್ಮಾರಕ, ಕೆಡವುವಂತಿರಲಿಲ್ಲ. 2017ರ ಮಾರ್ಚಿಯಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಉಕ್ಕಿನ ತೊಲೆಗಳ ಮೇಲೆ ಎತ್ತಿ ಸುಮಾರು 130 ಮೀಟರ್ ಆಚೆಗೆ ಸಾಗಿಸಿದರು. ಅಲ್ಲಿ ಬಳಸಿದುದು ದ್ರವದ ಒತ್ತಡದಿಂದ ನಡೆಯುವ ಜಾಕಿಗಳನ್ನು.

ಇಲ್ಲಿ ವಿದ್ಯಾರ್ಥಿಗಳು ಯೋಚಿಸಬೇಕಾದ ಸ್ವಾರಸ್ಯವೊಂದಿದೆ. ಪಾಸ್ಕಲನ ನಿಯಮದಂತೆ ಒಂದೇ ಪಂಪಿಗೆ ಜೋಡಿಸಿದ ಜಾಕಿಗಳಲ್ಲೆಲ್ಲ ಒತ್ತಡ ಸಮಾನ. ಹಾಗಾದರೆ ಮನೆ ಸಮವಾಗಿ ಏರುತ್ತದೆಯೇ? ಇಲ್ಲ. ಭಾರ ಕಡಿಮೆಯಿರುವ ಮೂಲೆ ಮೊದಲು ಏರುತ್ತದೆ, ಭಾರ ಹೆಚ್ಚಿರುವ ಮೂಲೆ ಹಿಂದುಳಿಯುತ್ತದೆ. ಸಮಾನ ಒತ್ತಡದಿಂದ ಸಮಾನ ಏರಿಕೆ ದೊರೆಯುವುದಿಲ್ಲ. ಆದ್ದರಿಂದ ದೊಡ್ಡ ಕಟ್ಟಡಗಳನ್ನೆತ್ತುವ ಯಂತ್ರಗಳಲ್ಲಿ ಪ್ರತಿಯೊಂದು ಜಾಕಿಗೂ ಸಮಾನ ಪರಿಮಾಣದ ಎಣ್ಣೆಯನ್ನು ಅಳೆದು ಕಳಿಸುವ ಏರ್ಪಾಡಿರುತ್ತದೆ. ಭಾರ ಎಷ್ಟೇ ಇರಲಿ, ಒಳಹೊಕ್ಕ ಎಣ್ಣೆ ಅಷ್ಟೇ ಆದ್ದರಿಂದ ಏರಿಕೆಯೂ ಅಷ್ಟೇ.

ಕೆಳಗೆ ಕಟ್ಟುವಾಗ

ಎತ್ತಿದ ಮನೆಯ ಕೆಳಗೆ ಕಟ್ಟುವುದು ಇನ್ನೂ ಹೆಚ್ಚಿನ ಹೊಣೆ. ಎರಡು ಮೂರು ಅಡಿ ಎತ್ತಿ ಸಂದನ್ನು ಇಟ್ಟಿಗೆಯಿಂದ ತುಂಬುವುದು ಒಂದು ಮಾತು. ಒಂದು ಪೂರ್ಣ ಅಂತಸ್ತನ್ನು ಸೇರಿಸುವುದು ಬೇರೆಯೇ ಮಾತು. ಹೊಸ ಗೋಡೆ, ಹೊಸ ಮಹಡಿನೆಲ ಸೇರಿದರೆ ಹಳೆಯ ಪಾಯದ ಮೇಲಿನ ಭಾರ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ಗಟ್ಟಿಯಾದ ಮೊರಂ ನೆಲ ಇದನ್ನು ತಾಳಬಹುದು. ಹಳೆಯ ಕೆರೆಯಂಗಳದ ಜೇಡಿಮಣ್ಣು ತಾಳಲಾರದು. ಅಲ್ಲಿ ಪಾಯವನ್ನೇ ಅಗಲಿಸಬೇಕು.

ಕೆಳಗೆ ಗೋಡೆಗಳಿಲ್ಲದೆ ಬರಿಯ ಕಂಬಗಳನ್ನು ನಿಲ್ಲಿಸಿ ವಾಹನಕ್ಕೆ ಸ್ಥಳ ಮಾಡುವ ಆಸೆಯೂ ಅಪಾಯಕಾರಿ. ಮೇಲೆ ಬಿಗಿಯಾದ ಭಾರದ ಪೆಟ್ಟಿಗೆ, ಕೆಳಗೆ ಸಣ್ಣ ಕಾಲುಗಳು. ನೆಲ ಅಡ್ಡಡ್ಡ ಅಲುಗಿದರೆ ಬಾಗುವ ಶ್ರಮವೆಲ್ಲ ಕಾಲುಗಳಿಗೆ. 2001ರ ಜನವರಿ 26ರಂದು ಭುಜ್ ಬಳಿ ಭೂಕಂಪವಾದಾಗ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಇಂಥ ತೆರೆದ ನೆಲ ಅಂತಸ್ತಿನ ಹಲವು ಕಟ್ಟಡಗಳು ಕುಸಿದು ಜನರು ಸತ್ತರು. ನಮ್ಮ ಸೀಮೆಯಲ್ಲಿ ಭೂಕಂಪದ ಭಯ ಕಡಿಮೆಯೆಂಬುದು ನಿಜ. ಆದರೆ ದೊಡ್ಡಬಳ್ಳಾಪುರದಂಥ ನೇಕಾರರ ಊರಿನಲ್ಲಿ ಕೆಳಗೆ ವಿದ್ಯುತ್ ಮಗ್ಗಗಳು ಬಂದರೆ, ನಿಮಿಷಕ್ಕೆ ನೂರಕ್ಕೂ ಮೀರಿ ಬೀಳುವ ಹೊಡೆತ ದಿನವಿಡೀ ಗೋಡೆಗೆ ತಾಗುತ್ತದೆ. ಹೊಸ ಅಂತಸ್ತಿಗೆ ಅಡ್ಡಗೋಡೆಗಳೂ, ಹಳೆಯ ಹೊಸ ಭಾಗಗಳನ್ನು ಬಿಗಿಯುವ ಕಾಂಕ್ರೀಟಿನ ಪಟ್ಟಿಯೂ ಇರಲೇಬೇಕು.

ಎಲ್ಲ ಮನೆಗಳನ್ನೂ ಎತ್ತಲಾಗದು. ಒಂದೇ ದೇಹದಂತೆ ಕೂಡಿಕೊಂಡಿರುವ ಮನೆ ಮಾತ್ರ ಏರಬಲ್ಲದು. ಸಿಮೆಂಟು ಗಾರೆಯ ಇಟ್ಟಿಗೆ ಗೋಡೆ, ಅದರ ಮೇಲೆ ಅಖಂಡವಾದ ಕಾಂಕ್ರೀಟ್ ತಾರಸಿ ಇರುವ ಮನೆ ಇದಕ್ಕೆ ತಕ್ಕದು. ಮಣ್ಣಿನ ಗೋಡೆಯ, ಅಥವಾ ಕೆಸರುಗಾರೆಯಲ್ಲಿ ಸೈಜುಗಲ್ಲು ಕಟ್ಟಿದ ಹಳೆಯ ತೊಟ್ಟಿಮನೆ ಒಂದೇ ದೇಹವಲ್ಲ. ತೂಕದಿಂದ ಒಂದರ ಮೇಲೊಂದು ಕುಳಿತ ಕಲ್ಲು ಮಣ್ಣುಗಳ ರಾಶಿ. ಅದರ ಬುಡವನ್ನು ಒಡೆದರೆ ಕಲ್ಲುಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಶಸ್ತ್ರಾಗಾರದಂತೆ ಇಡೀ ತಳವನ್ನು ಉಕ್ಕಿನ ತೊಲೆಗಳ ಹಂದರದಿಂದ ಹೊರದೆ ಅದನ್ನು ಎತ್ತುವಂತಿಲ್ಲ. ಆ ಖರ್ಚಿನಲ್ಲಿ ಹೊಸ ಮನೆಯನ್ನೇ ಕಟ್ಟಬಹುದು. ಅಂಥ ಮನೆಗೆ ಬೀದಿಯ ನೀರನ್ನು ಬೇರೆಡೆಗೆ ತಿರುಗಿಸುವ ಒಳ್ಳೆಯ ಚರಂಡಿಯೇ ಉತ್ತಮ ಚಿಕಿತ್ಸೆ.

ಆದುದರಿಂದ ಎಷ್ಟು ಜಾಕಿ, ಎಷ್ಟು ಹಣ ಎಂಬ ಪ್ರಶ್ನೆ ಮೊದಲು ಬರಬಾರದು. ಗೋಡೆಯ ಗಾರೆ ಯಾವುದು? ಈಗಲೇ ಬಿರುಕುಗಳಿವೆಯೇ? ಪಾಯದಡಿಯ ಮಣ್ಣು ಎಂಥದು? ಪಕ್ಕದ ಮನೆಯೊಡನೆ ಗೋಡೆ ಹಂಚಿಕೆಯಾಗಿದೆಯೇ? ಇವಕ್ಕೆ ಕಟ್ಟಡ ಶಾಸ್ತ್ರ ಬಲ್ಲ ಎಂಜಿನಿಯರೊಬ್ಬರಿಂದ ಬರಹದಲ್ಲಿ ಉತ್ತರ ಪಡೆದು, ಸ್ಥಳೀಯ ಆಡಳಿತದ ಅನುಮತಿ ಪಡೆದ ಬಳಿಕವೇ ಮೊದಲನೆಯ ಇಟ್ಟಿಗೆಯನ್ನು ತೆಗೆಯಬೇಕು. ಮನೆ ಜಾಕಿಗಳ ಮೇಲಿರುವಷ್ಟು ದಿನವೂ ಒಳಗೆ ಯಾರೂ ವಾಸಿಸಬಾರದು. ಮನೆಯನ್ನು ಮತ್ತೆ ಕಟ್ಟಬಹುದು, ಮನೆಯವರನ್ನು ಮತ್ತೆ ತರಲಾಗದು.